ಗೊಲಾನರ ಹಾಡು, ಮತ್ತೆ ಆ ಹಾಡಿನೊಳಗೆ ಇಲ್ಲದವರು



ಪೋಸ್ಟ್ ಸ್ವಲ್ಪ ಉದ್ದ ಇದೆ. ಬಸ್ಸಲ್ಲಿ ನಿಂತುಕೊಂಡು ಓದೋರು ಸೇವ್ ಮಾಡಿಟ್ಟುಕೊಂಡು ರಾತ್ರಿ ಊಟ ಆದ ಮೇಲೆ ಓದಿ.

ಹೋದ ತಿಂಗಳು ನಮ್ಮ ಭಾನುವಾರದ ಓದಿನ ಕೂಟದಲ್ಲಿ ಡಿಗ್ರಿ ಓದೋ ಹುಡುಗನೊಬ್ಬ ಕೇಳಿದ. "ಅಣ್ಣಾ, ಅವರು ಬೈಯೋ ಮಾತನ್ನೇ ನಾವು ಹೆಸರು ಮಾಡ್ಕೊಂಡ್ರೆ ಆ ಬೈಗುಳ ಸಾಯುತ್ತಾ?" ನಾನು ಏನೋ ಒಂದು ಉತ್ತರ ಹೇಳಿದೆ. ಅವನಿಗೂ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಇಪ್ಪತ್ತು ವರ್ಷದಿಂದ ಧರಣಿ ಟೆಂಟುಗಳಲ್ಲಿ ಕೂತಿದ್ದೀನಿ, ಹಾಡು ಹೇಳಿದ್ದೀನಿ, ಆದರೂ ಈ ಪ್ರಶ್ನೆಯನ್ನ ನೆಟ್ಟಗೆ ಯೋಚನೆ ಮಾಡಿರಲಿಲ್ಲ. ಆಮೇಲೆ ಎಂದೋ ಓದಿದ್ದ ಒಬ್ಬ ಹಾಡುಗಾರನ ಕತೆ ನೆನಪಿಗೆ ಬಂತು. ಅವನು ನಮ್ಮವನಲ್ಲ. ರೊಮೇನಿಯಾ ದೇಶದವನು, ಹೆಸರು ಕ್ರಿಸ್ತಿಯಾನ್ ಪತ್ಸುರ್ಕ. ಬೈಗುಳವನ್ನ ಹಾಡು ಮಾಡಿ, ಒಂದು ಚೌಕದ ತುಂಬ ಇದ್ದ ಜನರ ಬಾಯಿಗೆ ಹಾಕಿದವನು.

ಮೊದಲು ಆ ದೇಶದ ಬಗ್ಗೆ ಎರಡು ಮಾತು. ಚೌಷೆಸ್ಕು ಅನ್ನೋ ಸರ್ವಾಧಿಕಾರಿ 1965ರಿಂದ 1989ರ ತನಕ ಕಮ್ಯುನಿಸ್ಟ್ ಪಕ್ಷದ ಹೆಸರಲ್ಲಿ ಅಲ್ಲಿ ಆಳಿದ. 80ರ ದಶಕದಲ್ಲಿ ಹೊರದೇಶದ ಸಾಲ ತೀರಿಸ್ತೀನಿ ಅಂತ ಹಠ ಹಿಡಿದು ಜನರ ಊಟಕ್ಕೆ ರೇಷನ್ ಹಾಕಿದ. ಹಿಮ ಬೀಳೋ ಚಳಿಗಾಲದಲ್ಲೂ ಮನೆಗಳಿಗೆ ಕರೆಂಟು, ಕಾವು ಕಡಿತ ಮಾಡಿದ. ನನ್ನಂಥ ಗುಮಾಸ್ತನಿಗೆ ಮರೆಯೋಕೆ ಆಗದೇ ಇರೋ ವಿಷಯ ಇನ್ನೊಂದಿದೆ. 1983ರ ಕಾನೂನಿನ ಪ್ರಕಾರ ಅಲ್ಲಿ ಟೈಪ್‌ರೈಟರ್ ಇಟ್ಟುಕೊಂಡವರು ಅದನ್ನ ಪೊಲೀಸರಲ್ಲಿ ನೋಂದಾಯಿಸಬೇಕಿತ್ತು, ಅಕ್ಷರಗಳ ಮಾದರಿ ಹೊಡೆದು ಕೊಡಬೇಕಿತ್ತು. ನಾಳೆ ಎಲ್ಲಾದರೂ ಸರ್ಕಾರದ ವಿರುದ್ಧ ಒಂದು ಚೀಟಿ ಸಿಕ್ಕರೆ ಯಾವ ಮಿಷಿನ್ನಿನಲ್ಲಿ ಹೊಡೆದದ್ದು ಅಂತ ಪತ್ತೆ ಮಾಡೋಕೆ! ಬೆರಳಚ್ಚು ಮನುಷ್ಯರದ್ದಷ್ಟೇ ಅಲ್ಲ, ಮಿಷಿನ್ನಿನದ್ದೂ ತಗೊಳ್ತಿದ್ದರು.

ಇಂಥ ಕಡೆ ಹಾಡು ಏನಾಗುತ್ತೆ? ಅಲ್ಲಿ ಎರಡು ಥರದ ಹಾಡಿತ್ತು. ಒಂದು, ಅವರು 'ಪೊಪುಲಾರಾ' ಅನ್ನೋ ಹಳ್ಳಿಯ ಜನಪದ. ಅದನ್ನ ಸರ್ಕಾರ ತೊಳೆದು, ಇಸ್ತ್ರಿ ಮಾಡಿ, ವೇದಿಕೆ ಮೇಲೆ ನಿಲ್ಲಿಸ್ತಿತ್ತು. 1976ರಿಂದ 'ರೊಮೇನಿಯಾದ ಗುಣಗಾನ' ಅನ್ನೋ ಅರ್ಥದ ದೊಡ್ಡ ಉತ್ಸವವೇ ನಡೀತಿತ್ತು, ಕಾರ್ಖಾನೆ ಕಾರ್ಖಾನೆಯಿಂದ ತಂಡಗಳು ಬಂದು ಕುಣೀಬೇಕು. ಇನ್ನೊಂದು 'ಫೋಕ್'. ಹೆಸರು ಕೇಳಿ ಜನಪದ ಅಂದುಕೊಳ್ಳಬೇಡಿ. ಬಾಬ್ ಡಿಲನ್, ಜೋನ್ ಬಯೇಜ್ ಹಾಡು ಕೇಳಿದ ಹುಡುಗರು ಗಿಟಾರ್ ಹಿಡಿದು, ತಾವೇ ಬರೆದು, ತಾವೇ ರಾಗ ಹಾಕಿ ಹಾಡಿದ್ದು. ಅದ್ರಿಯಾನ್ ಪೌನೆಸ್ಕು ಅನ್ನೋ ಕವಿ 1973ರಲ್ಲಿ 'ಫ್ಲಾಕರಾ' ಅನ್ನೋ ಕೂಟ ಕಟ್ಟಿ, ಈ ಹುಡುಗರನ್ನ ಸ್ಟೇಡಿಯಂ ಸ್ಟೇಡಿಯಂಗೆ ಕರೆದುಕೊಂಡು ಹೋದ. ಆ ಪೌನೆಸ್ಕು ಒಂದು ವಿಚಿತ್ರ ಜೀವ. ಅದೇ ವೇದಿಕೆ ಮೇಲೆ ಚೌಷೆಸ್ಕುನ ಹೊಗಳೋನು, ಅದೇ ವೇದಿಕೆ ಮೇಲೆ ಹುಡುಗರು ಬೇರೆಲ್ಲೂ ಹಾಡೋಕೆ ಆಗದ್ದನ್ನ ಹಾಡೋಕೆ ಬಿಡೋನು. (ಇಂಥ ಕವಿಗಳು ನಮ್ಮಲ್ಲೂ ಇದ್ದಾರೆ, ಹೆಸರು ನೀವೇ ಹಾಕ್ಕೊಳ್ಳಿ.) 1985ರ ಜೂನ್‌ನಲ್ಲಿ ಪ್ಲೊಯೆಷ್ಟ್ ಊರಿನ ಸ್ಟೇಡಿಯಂನಲ್ಲಿ ಮಳೆಗಾಳಿಗೆ ಕಾಲ್ತುಳಿತ ಆಗಿ ಜನ ಸತ್ತರು. ಸರ್ಕಾರ ಕೂಟವನ್ನೇ ಮುಚ್ಚಿಸಿತು. ಗಿಟಾರ್ ಹಾಡು ಮತ್ತೆ ಮನೆ ಮನೆಯೊಳಕ್ಕೆ ಹೋಯ್ತು.

ಪತ್ಸುರ್ಕ ಹುಟ್ಟಿದ್ದು 1964ರಲ್ಲಿ. ಸ್ಟೇಡಿಯಂ ತುಂಬಿಸ್ತಿದ್ದ ದೊಡ್ಡ ಹೆಸರುಗಳ ಸಾಲಿನವನಲ್ಲ. ಅವನಿಗೆ ವೇದಿಕೆ ಸಿಕ್ಕಿದ್ದು ಇಪ್ಪತ್ತೈದನೇ ವಯಸ್ಸಲ್ಲಿ, ಅದೂ ಬೀದಿಯಲ್ಲಿ.

1989ರ ಡಿಸೆಂಬರ್‌ನಲ್ಲಿ ತಿಮಿಷ್ವಾರಾ ಊರಿಂದ ದಂಗೆ ಶುರುವಾಯ್ತು. 22ಕ್ಕೆ ಚೌಷೆಸ್ಕು ಪಕ್ಷದ ಕಚೇರಿ ಮೇಲಿಂದ ಹೆಲಿಕಾಪ್ಟರ್ ಹತ್ತಿ ಓಡಿದ. 25ಕ್ಕೆ ಅವನನ್ನೂ ಹೆಂಡತಿಯನ್ನೂ ಗುಂಡಿಟ್ಟು ಕೊಂದರು. ಆ ಹತ್ತು ದಿನದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆದರೆ ಕುರ್ಚಿ ಖಾಲಿ ಉಳೀತಾ? ಇಲ್ಲ. ಅಯೊನ್ ಇಲಿಯೆಸ್ಕು ಅನ್ನೋನು ಬಂದು ಕೂತ. ಅವನೂ ಅದೇ ಪಕ್ಷದಲ್ಲಿ ಮೇಲೆ ಬಂದು, ಆಮೇಲೆ ಚೌಷೆಸ್ಕುಗೆ ಬೇಡವಾದ ಹಳೇ ನಾಯಕ. 'ರಾಷ್ಟ್ರ ರಕ್ಷಣಾ ರಂಗ' ಕಟ್ಟಿ, ಇದು ತಾತ್ಕಾಲಿಕ ಅಂದರು. ಒಂದೇ ತಿಂಗಳಲ್ಲಿ, ನಾವೂ ಚುನಾವಣೆಗೆ ನಿಲ್ತೀವಿ ಅಂದರು. ಸತ್ತ ಹುಡುಗರ ಗೆಳೆಯರಿಗೆ ಹೊಟ್ಟೆ ಉರೀತು. ಮಾರ್ಚ್ 11ಕ್ಕೆ ತಿಮಿಷ್ವಾರಾದಲ್ಲಿ ಒಂದು ಘೋಷಣೆ ಓದಿದರು. ಅದರ 8ನೇ ಅಂಶ ಮುಖ್ಯ. ಹಳೇ ಪಕ್ಷದ ಪದಾಧಿಕಾರಿಗಳು, ಗುಪ್ತ ಪೊಲೀಸಿನವರು ಮೊದಲ ಮೂರು ಅವಧಿ ಚುನಾವಣೆಗೆ ನಿಲ್ಲಬಾರದು ಅಂತ.

ಏಪ್ರಿಲ್ 22ರಂದು ರಾಜಧಾನಿ ಬುಖಾರೆಸ್ಟ್‌ನ ಯೂನಿವರ್ಸಿಟಿ ಚೌಕದಲ್ಲಿ ಜನ ಕೂತರು. ಎದ್ದೇಳಲಿಲ್ಲ. ಟೆಂಟು ಹಾಕಿದರು, ಕೆಲವರು ಉಪವಾಸ ಕೂತರು. ಡಿಸೆಂಬರ್‌ನಲ್ಲಿ ಹುಡುಗರು ಗುಂಡಿಗೆ ಬಿದ್ದ ಜಾಗಗಳಲ್ಲಿ ಅದೂ ಒಂದು. ಎದುರಿಗೆ ಭೂವಿಜ್ಞಾನ ವಿಭಾಗದ ಕಟ್ಟಡ, ಅದರ ಬಾಲ್ಕನಿಯೇ ವೇದಿಕೆ. ದಿನಾ ಸಂಜೆ ಆಫೀಸು, ಕಾಲೇಜು ಮುಗಿಸಿಕೊಂಡು ಸಾವಿರಗಟ್ಟಲೆ ಜನ ಬರೋರು. ಬಾಲ್ಕನಿಯಿಂದ ಭಾಷಣ, ಪ್ರಾರ್ಥನೆ, ಹಾಡು. ಎರಡು ದಿನ ಕಳೆದ ಮೇಲೆ ಪೊಲೀಸರು ಎಬ್ಬಿಸೋಕೆ ನೋಡಿದರು, ಆಗಲಿಲ್ಲ. ಅದೇ ಹೊತ್ತಿಗೆ ಇಲಿಯೆಸ್ಕು ಇವರನ್ನ 'ಗೊಲಾನಿ' ಅಂತ ಕರೆದ.

ಗೊಲಾನ್ ಅಂದರೆ ಪುಂಡ, ಪೋಲಿ. ಕೆಲಸವಿಲ್ಲದೆ ಬೀದಿ ಅಲೆಯೋನು. ಆಳೋರ ಬಾಯಲ್ಲಿ ಈ ಮಾತು ಎಲ್ಲ ದೇಶದಲ್ಲೂ ರೆಡಿ ಇರುತ್ತೆ. ನಾವು ಒಂದು ಸಲ ಸ್ಮಶಾನದ ಜಾಗಕ್ಕಾಗಿ ಕೂತಿದ್ದಾಗ ಒಬ್ಬ ಅಧಿಕಾರಿ ನಮ್ಮ ಮುಖ ನೋಡದೆ ಪೊಲೀಸಿನವರ ಹತ್ತಿರ "ಈ ಪುಂಡರನ್ನ ಎಬ್ಬಿಸ್ರೀ" ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅವತ್ತು ನಾನು ಕ್ಯಾಶುಯಲ್ ಲೀವ್ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದೆ.

ಚೌಕದ ಜನ ಏನು ಮಾಡಿದರು ಗೊತ್ತಾ? 'ನಾವು ಪುಂಡರಲ್ಲ ಸ್ವಾಮಿ, ವಿದ್ಯಾವಂತರು' ಅಂತ ಮನವಿ ಪತ್ರ ಕೊಡಲಿಲ್ಲ. ಎದೆ ಮೇಲೆ 'ಗೊಲಾನ್' ಅಂತ ಬರೆದ ಚೀಟಿ ಅಂಟಿಸಿಕೊಂಡರು. ವಿದ್ಯಾರ್ಥಿ ಗೊಲಾನ್, ಅಮ್ಮ ಗೊಲಾನ್, ಮೇಷ್ಟ್ರು ಗೊಲಾನ್. ಪ್ಯಾರಿಸ್‌ನಲ್ಲಿದ್ದ ಎಂಬತ್ತು ದಾಟಿದ ನಾಟಕಕಾರ, ಫ್ರೆಂಚ್ ಅಕಾಡೆಮಿಯ ಸದಸ್ಯ ಯೂಜೀನ್ ಅಯೊನೆಸ್ಕೊ ತಾನೂ ಗೊಲಾನ್ ಅಂತ ಸಹಿ ಹಾಕಿ ಸಂದೇಶ ಕಳಿಸಿದ. ಮತ್ತೆ ಕೆಲವೇ ದಿನದಲ್ಲಿ ಪತ್ಸುರ್ಕ ಗಿಟಾರ್ ಹಿಡಿದು 'ಗೊಲಾನರ ಗೀತೆ' ಹಾಡಿದ.

ಆ ಹಾಡಿನ ಕಟ್ಟೋಣ ಬಹಳ ಸರಳ. ಸಾಲುಗಳನ್ನ ಇಲ್ಲಿ ಹಾಕಲ್ಲ, ಉಪಾಯ ಮಾತ್ರ ಹೇಳ್ತೀನಿ. ಆಳೋರು ಕೊಟ್ಟ ಬೈಗುಳಗಳನ್ನ ತಕ್ಕಡಿಯ ಒಂದು ಕಡೆ ಇಡ್ತಾನೆ, ಆಳೋರ ಬಿರುದುಗಳನ್ನ ಇನ್ನೊಂದು ಕಡೆ ಇಡ್ತಾನೆ. ಇದಕ್ಕಿಂತ ಅದೇ ವಾಸಿ ಅಂತ ಬೈಗುಳದ ಕಡೆಗೇ ತಕ್ಕಡಿ ಬೀಳಿಸ್ತಾನೆ. ಅಷ್ಟೇ. ಒಂದು ಸಲ ಕೇಳಿದರೆ ಎರಡನೇ ಸಲಕ್ಕೆ ನೀವೂ ಹಾಡಬಹುದು. ಆಗಿನ ವಿಡಿಯೊ ಯೂಟ್ಯೂಬ್‌ನಲ್ಲಿ ಇದೆ. 1991ರಲ್ಲಿ ಆ ಚೌಕದ ಮೇಲೆ ಒಂದು ಡಾಕ್ಯುಮೆಂಟರಿ ಸಿನಿಮಾ ಕೂಡ ಬಂತು. ಭಾಷೆ ಬರದಿದ್ದರೂ ನೋಡಿ. ಹಾಡೋರ ಮುಖದಲ್ಲಿ ಬೈಸಿಕೊಂಡ ಅವಮಾನ ಇಲ್ಲ, ಒಂದು ತುಂಟ ನಗು ಇದೆ.

ಒಂದು ತಮಾಷೆ ಹೇಳಲೇಬೇಕು. ಆ ತಕ್ಕಡಿಯಲ್ಲಿ ಆಳೋರ ಕಡೆ ಇಟ್ಟ ಮಾತುಗಳಲ್ಲಿ 'ಆಕ್ಟಿವಿಸ್ಟ್' ಅನ್ನೋದೂ ಒಂದು! ಆಗಿನ ರೊಮೇನಿಯಾದಲ್ಲಿ ಆಕ್ಟಿವಿಸ್ಟ್ ಅಂದರೆ ಪಕ್ಷದ ಸಂಬಳದ ಕಾರ್ಯಕರ್ತ, ಮೇಲಿಂದ ಬಂದ ಆದೇಶ ಕೆಳಗೆ ಮುಟ್ಟಿಸೋನು. ಪ್ರೊಫೈಲ್‌ನಲ್ಲಿ ಆಕ್ಟಿವಿಸ್ಟ್ ಅಂತ ಬರೆದುಕೊಂಡಿರೋ ನಾನು ಇದನ್ನ ಓದಿ ಒಬ್ಬನೇ ನಕ್ಕೆ. ಹಾಡಿನ ಕೊನೆಯ ಸಿಟ್ಟು ನೇರ ಕಮ್ಯುನಿಸಂ ಮೇಲೆ. ನಮ್ಮ ಎಡಪಕ್ಷದ ಕಾಮ್ರೇಡುಗಳು ಈಗಲೇ ಕಾಮೆಂಟಿಗೆ ಓಡಬೇಡಿ. ಟೈಪ್‌ರೈಟರಿಗೂ ಬೆರಳಚ್ಚು ತಗೊಳ್ಳೋ ಸರ್ಕಾರದಡಿ ಬೆಳೆದ ಹುಡುಗ ಮತ್ತೇನು ಹಾಡ್ತಾನೆ?

ಮೇ 20ಕ್ಕೆ ಚುನಾವಣೆ. ಇಲಿಯೆಸ್ಕುಗೆ ಬಿದ್ದ ಮತ ನೂರಕ್ಕೆ 85. ಅವತ್ತು ಅಲ್ಲಿನ ಚರ್ಚಿನ ಪಂಚಾಂಗದಲ್ಲಿ 'ಕುರುಡನ ಭಾನುವಾರ' ಆಗಿತ್ತು. ಯೇಸು ಹುಟ್ಟು ಕುರುಡನೊಬ್ಬನಿಗೆ ಕಣ್ಣು ಕೊಟ್ಟ ಕತೆ ಓದೋ ದಿನ. ಸೋತವರು ಇವತ್ತಿಗೂ ಆ ಚುನಾವಣೆಯನ್ನ ಅದೇ ಹೆಸರಿಂದ ಕರೀತಾರೆ. ನನಗೆ ಈ ಹೆಸರು ಹಿಡಿಸಲಿಲ್ಲ. ಹಳ್ಳಿಯೋರು, ಕಾರ್ಖಾನೆಯೋರು ಇಲಿಯೆಸ್ಕುಗೆ ಮತ ಹಾಕಿದ್ದಕ್ಕೆ ಕಾರಣ ಇತ್ತು. ಮನೆಗೆ ಕರೆಂಟು ಬಂದಿತ್ತು, ಅಂಗಡಿಗೆ ಸಾಮಾನು ಬಂದಿತ್ತು, ಕೆಲಸ ಹೋಗುತ್ತೆ ಅನ್ನೋ ಭಯ ಇತ್ತು. ಅವರನ್ನ ಕುರುಡರು ಅನ್ನೋದು ಕೂಡ ಒಂದು ಬೈಗುಳವೇ. ಗೊಲಾನ್ ಅನ್ನಿಸಿಕೊಂಡು ನೊಂದವರು ಅದನ್ನ ಇನ್ನೊಬ್ಬರಿಗೆ ಅಂದರು.

ಚುನಾವಣೆ ಆದ ಮೇಲೆ ಬಹಳ ಮಂದಿ ಚೌಕ ಬಿಟ್ಟು ಹೋದರು, ಸ್ವಲ್ಪ ಮಂದಿ ಉಳಿದರು. ಜೂನ್ 13ರ ಬೆಳಗಿನ ಜಾವ ಪೊಲೀಸರು ಟೆಂಟು ಕಿತ್ತು, ಸಿಕ್ಕವರನ್ನ ಎಳೆದುಕೊಂಡು ಹೋದರು. ಮಧ್ಯಾಹ್ನದಿಂದ ಊರು ಹೊತ್ತಿಕೊಳ್ತು. ಬಸ್ಸು ಸುಟ್ಟವು, ಪೊಲೀಸ್ ಕೇಂದ್ರದ ಮೇಲೆ, ಟಿವಿ ಕೇಂದ್ರದ ಮೇಲೆ ದಾಳಿ ಆಯ್ತು, ಗುಂಡಿಗೆ ಜನ ಸತ್ತರು. ಇಲಿಯೆಸ್ಕು ಪ್ರಜಾಪ್ರಭುತ್ವ ಉಳಿಸಿ ಬನ್ನಿ ಅಂತ ಕರೆ ಕೊಟ್ಟ. 14ರ ಬೆಳಿಗ್ಗೆ ಜಿಯು ಕಣಿವೆಯ ಕಲ್ಲಿದ್ದಲು ಗಣಿಯಿಂದ ರೈಲು ತುಂಬ ಕಾರ್ಮಿಕರು ಬಂದಿಳಿದರು. ತಲೆಗೆ ಗಣಿಯ ಟೋಪಿ, ಕೈಯಲ್ಲಿ ದೊಣ್ಣೆ. ಎರಡು ದಿನ ಬುಖಾರೆಸ್ಟ್ ಅವರ ಕೈಯಲ್ಲಿತ್ತು. ವಿದ್ಯಾರ್ಥಿ ಅನ್ನಿಸಿದವರಿಗೆ ಹೊಡೆದರು. ಯೂನಿವರ್ಸಿಟಿ ಒಳಗೆ ನುಗ್ಗಿದರು, ವಿರೋಧ ಪಕ್ಷಗಳ ಕಚೇರಿ ಒಡೆದರು. ವಿದ್ಯಾರ್ಥಿ ನಾಯಕ ಮರಿಯಾನ್ ಮುಂತ್ಯಾನುನ ಸಾಯೋ ಹಾಗೆ ಬಡಿದರು. 15ಕ್ಕೆ ಇಲಿಯೆಸ್ಕು ಅವರನ್ನ ಸಭೆ ಸೇರಿಸಿ ಥ್ಯಾಂಕ್ಸ್ ಹೇಳಿ ಕಳಿಸಿಕೊಟ್ಟ. ಹೋಗೋ ಮುಂಚೆ ಅದೇ ಚೌಕದಲ್ಲಿ ಹೂವಿನ ಗಿಡ ನೆಟ್ಟು ಹೋದರು. ರಕ್ತ ಬಿದ್ದ ಜಾಗದಲ್ಲಿ ಹೂವಿನ ಗಿಡ!

ಈ ಗಣಿ ಕಾರ್ಮಿಕರು ಯಾರು? 1977ರ ಆಗಸ್ಟ್‌ನಲ್ಲಿ ಪಿಂಚಣಿ ಕಾನೂನು ಬದಲಾಯಿಸಿದ್ದಕ್ಕೆ ಚೌಷೆಸ್ಕು ಎದುರೇ ಮುಷ್ಕರ ಹೂಡಿ, ಅವನೇ ಕಣಿವೆಗೆ ಬರೋ ಹಾಗೆ ಮಾಡಿದ್ದ ಅದೇ ಕಣಿವೆಯ ಜನ. ಹದಿಮೂರು ವರ್ಷದಲ್ಲಿ ಅವರ ಕೈಗೆ ದೊಣ್ಣೆ ಕೊಟ್ಟು ಇನ್ನೊಬ್ಬ ಬಡವನ ಮೇಲೆ ಬಿಟ್ಟರು. ಆಮೇಲೆ 90ರ ದಶಕ ಮುಗಿಯೋ ಹೊತ್ತಿಗೆ ಗಣಿಗಳನ್ನ ಒಂದೊಂದೇ ಮುಚ್ಚಿ ಅವರನ್ನೂ ಮನೆಗೆ ಕಳಿಸಿದರು.

ಇಲ್ಲಿಯ ತನಕದ ಕತೆ ಬಹಳ ಕಡೆ ಸಿಗುತ್ತೆ. ನಾನು ಹೇಳಬೇಕಾಗಿದ್ದು ಇದರ ಮುಂದಿನದು.

ಆ ಎರಡು ದಿನ ಗಣಿಯವರು ಇನ್ನೊಂದು ಕಡೆಗೂ ಹೋದರು. ಬುಖಾರೆಸ್ಟ್‌ನಲ್ಲಿ ರೋಮಾಗಳು ಇರೋ ಕೇರಿಗಳಿಗೆ. ಮನೆಯಿಂದ ಎಳೆದು ಹೊಡೆದರು, ಸಾಮಾನು ದೋಚಿದರು, ಪೊಲೀಸರಿಗೆ ಒಪ್ಪಿಸಿದರು. 13ರ ಗಲಭೆ ಮಾಡಿದ್ದು ಇವರೇ ಅಂತ ಆಗಲೇ ಸುದ್ದಿ ಹಬ್ಬಿಸಿ ಆಗಿತ್ತು. 1991ರಲ್ಲಿ ಹೆಲ್ಸಿಂಕಿ ವಾಚ್ ಸಂಸ್ಥೆ ರೊಮೇನಿಯಾದ ರೋಮಾಗಳ ಬಗ್ಗೆ ಒಂದು ವರದಿಯನ್ನೇ ತಂತು. ಆದರೆ ಚೌಕದ ಕತೆ ಹೇಳೋರಲ್ಲಿ ಬಹಳ ಮಂದಿ ಈ ಪುಟವನ್ನ ಬೇಗ ಮಗುಚಿಬಿಡ್ತಾರೆ.

ರೋಮಾಗಳು ಅಂದರೆ ನಮ್ಮ ಪುಸ್ತಕಗಳಲ್ಲಿ ಜಿಪ್ಸಿ ಅಂತ ಬರೀತಾರಲ್ಲ, ಅವರು. ಇವರ ಪೂರ್ವಿಕರು ಸಾವಿರ ವರ್ಷದ ಹಿಂದೆ ಇಂಡಿಯಾದಿಂದ ಹೋದವರು. ಇದು ಭಾಷೆಯಿಂದ ಗೊತ್ತಾಗೋ ಸಂಗತಿ. ಇವತ್ತಿಗೂ ಅವರ ಮಾತಲ್ಲಿ ನೀರಿಗೆ ಪಾನಿ ಅಂತಾರೆ, ಮನುಷ್ಯನಿಗೆ ಮನುಷ್ ಅಂತಾರೆ. ರೋಮ್ ಅನ್ನೋ ಹೆಸರು 'ಡೋಮ್' ಅನ್ನೋದರಿಂದ ಬಂತು ಅಂತ ಬಹಳ ಭಾಷಾಶಾಸ್ತ್ರಜ್ಞರು ಹೇಳ್ತಾರೆ. ಡೋಮ್ ಯಾರು ಅಂತ ನಿಮಗೆ ಹೇಳಬೇಕಾ? ಕಾಶಿಯ ಘಾಟ್‌ನಲ್ಲಿ ಹೆಣ ಸುಡೋರು.

ರೊಮೇನಿಯಾದಲ್ಲಿ ಇವರನ್ನ ಕರೆಯೋ ಹೆಸರು 'ತ್ಸಿಗಾನ್'. ಇದರ ಬೇರು ಗ್ರೀಕ್ ಭಾಷೆಯ 'ಅಥಿಂಗನೊಯ್' ಅನ್ನೋ ಮಾತಲ್ಲಿದೆ ಅಂತಾರೆ. ಹಳೇ ಬೈಜಾಂಟಿಯಂನಲ್ಲಿ ಚರ್ಚಿನಿಂದ ಹೊರಗಿದ್ದ ಒಂದು ಪಂಥದ ಹೆಸರು ಅದು, ಆಮೇಲೆ ಇವರಿಗೆ ಅಂಟಿಕೊಳ್ತು. ಅರ್ಥ ಏನು ಗೊತ್ತಾ? ಮುಟ್ಟಬಾರದವರು.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಡೋಮ್ ಅನ್ನೋ ಹೆಸರು ಹೊತ್ತುಕೊಂಡು ಅರ್ಧ ಭೂಮಿ ನಡೆದು ಹೋದರೂ, ಅಲ್ಲಿ ಇವರಿಗೆ ಅಂತ ಎತ್ತಿಟ್ಟಿದ್ದದ್ದು ಅದೇ ಮಾತು, ಬೇರೆ ಭಾಷೆಯಲ್ಲಿ.

ಬರೀ ಹೆಸರಲ್ಲ. 1385ರ ಒಂದು ರಾಜಪತ್ರದಲ್ಲಿ 40 ರೋಮಾ ಕುಟುಂಬಗಳನ್ನ ಒಂದು ಮಠಕ್ಕೆ ಬರೆದುಕೊಟ್ಟ ದಾಖಲೆ ಇದೆ. ಹೊಲ, ಗಿರಣಿ ಬರೆದುಕೊಟ್ಟ ಹಾಗೆ. ಅಲ್ಲಿಂದ ಸುಮಾರು ಐನೂರು ವರ್ಷ ರಾಜರ, ಜಮೀನ್ದಾರರ, ಮಠಗಳ ಗುಲಾಮರು. ಬಿಡುಗಡೆ ಆಗಿದ್ದು 1855–56ರಲ್ಲಿ. ಆಗ ಪರಿಹಾರದ ಹಣ ಕೊಟ್ಟರು, ಯಾರಿಗೆ? ಮಾಲೀಕರಿಗೆ. ಐನೂರು ವರ್ಷ ದುಡಿದವರಿಗೆ ಒಂದು ಗುಂಟೆ ಜಮೀನೂ ಇಲ್ಲ. 1942ರಲ್ಲಿ ಹಿಟ್ಲರನ ಜೊತೆಗಿದ್ದ ಅಂತೊನೆಸ್ಕು ಸರ್ಕಾರ ಸುಮಾರು 25,000 ರೋಮಾಗಳನ್ನ ಗಡೀಪಾರು ಮಾಡ್ತು. ಅದರಲ್ಲಿ ಸುಮಾರು 11,000 ಜನ ಹಸಿವು, ಚಳಿ, ಟೈಫಸ್‌ನಿಂದ ಸತ್ತರು.

ಇನ್ನು ಹಾಡು. ರೊಮೇನಿಯಾದ ಮದುವೆಮನೆಯಲ್ಲಿ ಪಿಟೀಲು ನುಡಿಸೋರು ತಲೆತಲಾಂತರದಿಂದ ಬಹುಪಾಲು ರೋಮಾಗಳೇ. ಅವರನ್ನ 'ಲವುತಾರ್' ಅಂತಾರೆ. ಗುಲಾಮಗಿರಿಯ ಕಾಲದಲ್ಲಿ ಧಣಿಯ ಪಂಕ್ತಿ ಊಟಕ್ಕೆ ನುಡಿಸಿದವರ ಮಕ್ಕಳು, ಮೊಮ್ಮಕ್ಕಳು. ನಮ್ಮ ತಮಟೆ ಇಲ್ಲದೆ ಜಾತ್ರೆ ನಡೆಯಲ್ಲ, ತಮಟೆಯವನು ಮಾತ್ರ ಗುಡಿ ಹೊರಗೆ. ಅಲ್ಲೂ ಹಾಗೆಯೇ. ರೋಮಿಕಾ ಪುಚಿಯಾನು ಅನ್ನೋ ರೋಮಾ ಹೆಣ್ಣುಮಗಳ ದನಿಗೆ ಬುಖಾರೆಸ್ಟ್ ಕರಗಿ ಹೋಗ್ತಿತ್ತು. ಆದರೆ ಸರ್ಕಾರದ ವೇದಿಕೆಗೆ ಹತ್ತಿದಾಗ ಅದು 'ರೊಮೇನಿಯಾದ ಜನಪದ', ರೋಮಾ ಅನ್ನೋ ಮಾತು ಅಲ್ಲಿ ಬರೋ ಹಾಗಿಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ಬರ್ತೀನಿ.

ಪತ್ಸುರ್ಕನ ಹಾಡು ಗೊಲಾನ್ ಅನ್ನೋ ಬೈಗುಳವನ್ನ ನಿಜವಾಗಿಯೂ ಕೊಂದಿತು. ಇವತ್ತು ಆ ಚೌಕದ ಮಾತು ಬಂದಾಗ ಗೊಲಾನ್ ಆಗಿದ್ದೆ ಅಂದರೆ ಅದು ಹೆಮ್ಮೆ. ಯಾಕೆ ಆಯ್ತು ಇದು? ಎದೆ ಮೇಲಿನ ಚೀಟಿ ನೋಡಿ. ಅದನ್ನ ಬೆಳಿಗ್ಗೆ ಅಂಟಿಸಿಕೊಳ್ಳಬಹುದು, ಸಂಜೆ ಮನೆಗೆ ಹೋಗೋ ಬಸ್ಸಲ್ಲಿ ಕಿತ್ತು ಜೇಬಿಗೆ ಹಾಕ್ಕೊಳ್ಳಬಹುದು. ಮೇಷ್ಟ್ರು ಮಾರನೇ ದಿನ ಮೇಷ್ಟ್ರೇ. ಅಕಾಡೆಮಿ ಸದಸ್ಯ ಅಕಾಡೆಮಿ ಸದಸ್ಯನೇ. ತ್ಸಿಗಾನ್ ಅನ್ನೋ ಚೀಟಿಯನ್ನ ಅಂಟಿಸಿದವರು ಬೇರೆಯವರು, ಹುಟ್ಟಿದ ದಿನವೇ. ಗಣಿಯವರು ದೊಣ್ಣೆ ಹಿಡಿದು ಬಂದಾಗ ವಿದ್ಯಾರ್ಥಿ ಗಡ್ಡ ಬೋಳಿಸಿ, ಪುಸ್ತಕದ ಚೀಲ ಬಿಸಾಡಿ ತಪ್ಪಿಸಿಕೊಳ್ಳೋಕೆ ನೋಡಬಹುದಿತ್ತು. ಕೇರಿಯವನು ಏನು ಬಿಸಾಡ್ತಾನೆ?

ಇದಕ್ಕೆ ಪತ್ಸುರ್ಕನ ತಪ್ಪು ಅಂತ ನಾನು ಹೇಳಲ್ಲ. ಒಂದು ಹಾಡು ಎಷ್ಟು ಅಂತ ಹೊರುತ್ತೆ. ಆದರೆ ಆ ಚೌಕದಿಂದ ಬಂದ ಎಲ್ಲರೂ ಒಂದೇ ಥರ ಇರಲಿಲ್ಲ. ಅಷ್ಟು ಹೊಡೆತ ತಿಂದ ಮುಂತ್ಯಾನು ಒಂದೆರಡು ವರ್ಷದಲ್ಲೇ ಕಟ್ಟು ರಾಷ್ಟ್ರವಾದದ ಪಕ್ಷ ಕಟ್ಟಿದ. 2016ರಲ್ಲಿ ಬುಖಾರೆಸ್ಟ್ ಮೇಯರ್ ಸ್ಥಾನಕ್ಕೆ ಹೆಸರು ಬಂದಾಗ ಆ ಹಳೇ ಇತಿಹಾಸವೇ ಅಡ್ಡ ಬಂತು. ಇತ್ತ 1993ರ ಸೆಪ್ಟೆಂಬರ್‌ನಲ್ಲಿ ಹದರೆನ್ ಅನ್ನೋ ಹಳ್ಳಿಯಲ್ಲಿ ಊರವರು ಸೇರಿ ಮೂವರು ರೋಮಾ ಗಂಡಸರನ್ನ ಕೊಂದು, ಮನೆಗಳಿಗೆ ಬೆಂಕಿ ಇಟ್ಟರು. ಓದ್ತಾ ಇದ್ದರೆ ಕಂಬಾಲಪಲ್ಲಿ ಕಣ್ಣ ಮುಂದೆ ಬರುತ್ತೆ.

ನಮ್ಮಲ್ಲೂ ಬೈಗುಳವನ್ನ ಹೆಸರು ಮಾಡಿಕೊಂಡ ಚರಿತ್ರೆ ಇದೆಯಲ್ಲ. 1994ರಲ್ಲಿ ಆಂಧ್ರದಲ್ಲಿ ದಂಡೋರ ಶುರುವಾದಾಗ ಕೃಷ್ಣ ಮಾದಿಗ ಅಂತ ಹೆಸರಿನ ಪಕ್ಕ ಜಾತಿ ಬರೆದುಕೊಂಡರು, ಸಾವಿರಾರು ಮಂದಿ ಅದನ್ನೇ ಮಾಡಿದರು. ಅದು ಸಂಜೆ ಕಿತ್ತು ಜೇಬಿಗೆ ಹಾಕ್ಕೊಳ್ಳೋ ಚೀಟಿ ಅಲ್ಲ. ಹಾಗಾಗಿಯೇ ಅದಕ್ಕೆ ಬೇರೆ ಥರದ ಧೈರ್ಯ ಬೇಕು. ನಾವೇ ಹೇಳಿಕೊಂಡರೆ ಹೆಮ್ಮೆ, ಬೇರೆಯವನು ಬೈಗುಳ ಮಾಡಿ ಅಂದರೆ ಅಟ್ರಾಸಿಟಿ ಕೇಸು. ಎರಡೂ ಒಟ್ಟಿಗೆ ನಿಜ. ಹಾಡು ಬೇಕು, ಕೇಸೂ ಬೇಕು. ತಮ್ಮಾ, ಅವತ್ತು ನಿನಗೆ ಹೇಳಬೇಕಾಗಿದ್ದ ಉತ್ತರ ಇದು. ಲೇಟ್ ಆಯ್ತು, ಬೇಜಾರು ಮಾಡ್ಕೋಬೇಡ.

ಕೇಸಿನ ಮಾತು ಬಂತಲ್ಲ. 1990ರ ಜೂನ್ ಹಿಂಸೆಯ ತನಿಖೆಯನ್ನ ರೊಮೇನಿಯಾ ನೆಟ್ಟಗೆ ಮಾಡಲಿಲ್ಲ ಅಂತ ಯುರೋಪಿನ ಮಾನವ ಹಕ್ಕುಗಳ ಕೋರ್ಟು 2014ರಲ್ಲಿ ಹೇಳ್ತು. ಇಪ್ಪತ್ನಾಲ್ಕು ವರ್ಷ! ಇಲಿಯೆಸ್ಕು ಮೇಲೆ ಆರೋಪಪಟ್ಟಿ ಹಾಕಿದರು, ವಾಪಸ್ ಬಂತು, ಮತ್ತೆ ಹಾಕಿದರು. 2025ರ ಆಗಸ್ಟ್‌ನಲ್ಲಿ 95ನೇ ವಯಸ್ಸಲ್ಲಿ ಅವನು ತೀರಿಕೊಂಡ. ಶಿಕ್ಷೆ ಆಗಲಿಲ್ಲ. ಸರ್ಕಾರಿ ಗೌರವ ಆಯ್ತು.

ಪತ್ಸುರ್ಕಗೆ ಅಷ್ಟು ಆಯಸ್ಸು ಸಿಗಲಿಲ್ಲ. ಶ್ವಾಸಕೋಶದ ಕಾಯಿಲೆಯಿಂದ 2011ರ ಜನವರಿ 18ರಂದು ಹೋದ. 46 ವರ್ಷ. ಹಾಡೋನಿಗೆ ಉಸಿರಿನ ಕಾಯಿಲೆ. ಅವನು ಹೋದ ಮಾರನೇ ವರ್ಷ, 2012ರ ಜನವರಿಯ ಹಿಮದಲ್ಲಿ, ಸರ್ಕಾರದ ಖರ್ಚು ಕಡಿತದ ವಿರುದ್ಧ ಜನ ಮತ್ತೆ ಅದೇ ಯೂನಿವರ್ಸಿಟಿ ಚೌಕಕ್ಕೆ ಬಂದು ನಿಂತರು. ಇನ್ನೊಂದು ವಿಷಯ. ಅವನು ಸತ್ತ ಅದೇ 2011ರಲ್ಲಿ ರೊಮೇನಿಯಾದ ಸಂಸತ್ತು ಒಂದು ಕಾನೂನು ಮಾಡ್ತು. ಫೆಬ್ರವರಿ 20, ರೋಮಾಗಳು ಗುಲಾಮಗಿರಿಯಿಂದ ಬಿಡುಗಡೆಯಾದ ದಿನ ಅಂತ. ಬಿಡುಗಡೆ ಆಗಿ 155 ವರ್ಷ ಆದ ಮೇಲೆ ಕ್ಯಾಲೆಂಡರಿನಲ್ಲಿ ಒಂದು ಚೌಕ ಸಿಕ್ಕಿತು.

ಈ ಭಾನುವಾರ ಕೂಟದಲ್ಲಿ ಪತ್ಸುರ್ಕನ ಬಾಲ್ಕನಿ ವಿಡಿಯೊ ಹಾಕ್ತೀನಿ. ಅದಾದ ಮೇಲೆ ರೋಮಿಕಾ ಪುಚಿಯಾನು ಹಾಡು ಒಂದು. ಎರಡನ್ನೂ ಕೇಳಬೇಕು, ಒಂದನ್ನೇ ಕೇಳಿ ಎದ್ದು ಹೋಗೋ ಹಾಗಿಲ್ಲ. ಸಂಜೆ ಐದಕ್ಕೆ. ಹೋದ ಸಲದ ಸ್ಪೀಕರ್ ಕೆಟ್ಟಿದೆ, ಯಾರ ಹತ್ತಿರ ಇದ್ದರೂ ತನ್ನಿ.